ಮೊದಲು ಹಂದಿ ಉಚ್ಚೆ ಹಿಡಿಯಿರಿ, ಆಮೇಲೆ ಯೂರಿಯಾಕ್ಕೆ ಪಾಳಿ ಹಚ್ಚಿ

ಎಲ್ಲರಿಗೂ ಶರಣು ಶರಣಾರ್ಥಿ. ಇವತ್ತು ತೊಗರಿ ರೇಟಿನ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಹೋದ ವಾರ ನಮ್ಮ ಹಂದಿ ಶೆಡ್ಡಿನ ವಿಡಿಯೊ ಹಾಕಿದ್ದೆ ಅಲ್ವಾ, ಅದರ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಅಣ್ಣಾ, 266 ರೂಪಾಯಿಗೆ ಯೂರಿಯಾ ಚೀಲ ಸಿಗುವಾಗ ಹಂದಿ ಉಚ್ಚೆಗೆ ಸಿಮೆಂಟ್ ಟ್ಯಾಂಕ್ ಯಾಕೆ ಕಟ್ಟಿಸಿದಿರಿ?" ಅದಕ್ಕೆ ನಲವತ್ತು ಜನ ಲೈಕ್ ಕೊಟ್ಟಿದ್ದಾರೆ. ಎರಡು ದಿನ ಆಯಿತು, ಆ ಕಮೆಂಟ್ ನನ್ನ ತಲೆಯಿಂದ ಹೋಗುತ್ತಿಲ್ಲ.

ಅದಕ್ಕೇ ಇವತ್ತು ಒಂದೇ ಮಾತು. ಉಚ್ಚೆ ಹಿಡಿಯಿರಿ.

ನಮ್ಮ ಕಡೆ ಹಂದಿ ಸಾಕುವವರು ಏನು ಮಾಡುತ್ತಾರೆ? ಗಟ್ಟಿ ಗೊಬ್ಬರ ಬಾಚಿ ತಿಪ್ಪೆಗೆ ಹಾಕುತ್ತಾರೆ. ಉಚ್ಚೆಗೆ ಪೈಪ್ ಹಿಡಿದು ನೀರು ಬಿಟ್ಟು, ಸೀದಾ ಹಳ್ಳಕ್ಕೆ ದಾರಿ ತೋರಿಸುತ್ತಾರೆ. ಶೆಡ್ಡು ಥಳಥಳ ಅನ್ನುತ್ತದೆ. ಆದರೆ ಯೂರಿಯಾದಿಂದ ನಾವು ಬೆಳೆಗೆ ಕೊಡುವುದು ಸಾರಜನಕ, ಹಂದಿ ಹೊರಗೆ ಹಾಕುವ ಸಾರಜನಕದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಆ ಉಚ್ಚೆಯಲ್ಲೇ. ಪೊಟ್ಯಾಶ್‌ನ ದೊಡ್ಡ ಪಾಲೂ ಅಲ್ಲೇ. ಗಟ್ಟಿಯಲ್ಲಿ ಉಳಿಯುವುದು ಮುಖ್ಯವಾಗಿ ರಂಜಕ. ಕಾಳಿನಲ್ಲಿರುವ ರಂಜಕವನ್ನು ಹಂದಿಯ ಹೊಟ್ಟೆ ಪೂರ್ತಿ ಅರಗಿಸುವುದಿಲ್ಲ, ಹಾಗಾಗಿ ಅದು ಹಿಂದಿನಿಂದ ಹೊರಗೆ ಬರುತ್ತದೆ. ಅಂದರೆ ನೀವು ಜೋಪಾನ ಮಾಡಿದ್ದು ಒಂದು ಪಾಲು, ಹಳ್ಳಕ್ಕೆ ಬಿಟ್ಟಿದ್ದು ಇನ್ನೊಂದು ಪಾಲು.

ಇದನ್ನು ನಾನು ಯಾವ ಪುಸ್ತಕ ಓದಿ ಕಲಿಯಲಿಲ್ಲ. ನಮ್ಮದು ಆಳಂದ ಕಡೆಯ ಎರೆ ಭೂಮಿ. ನಾಲ್ಕು ವರ್ಷದ ಹಿಂದೆ ಎಳ್ಳ ಅಮಾವಾಸ್ಯೆಗೆ ಮನೆ ಮಂದಿಯೆಲ್ಲ ಹೊಲಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿ, ಬಜ್ಜಿ ಎಲ್ಲ ಬುಟ್ಟಿಯಲ್ಲಿತ್ತು. ಹುಲ್ಲುಲ್ಲಿಗೋ ಅನ್ನುತ್ತ ಅಪ್ಪ ಚರಗ (ಭೂತಾಯಿಗೆ ಕೊಡುವ ಎಡೆ) ಚೆಲ್ಲುತ್ತ ಮುಂದೆ, ನಾನು ತಂಬಿಗೆ ಹಿಡಿದು ಹಿಂದೆ. ಬಿಳಿ ಜೋಳ ಎದೆ ಮಟ್ಟ ಇತ್ತು, ಮಾಲ್ದಂಡಿ ತಳಿ. ಶೆಡ್ಡಿನ ಹಿಂದಿನ ಬದುವಿಗೆ ಬಂದಾಗ ಅಪ್ಪ ನಿಂತುಬಿಟ್ಟರು. ಮೋರಿಯ ನೀರು ಹೊಲಕ್ಕೆ ನುಗ್ಗುವ ಜಾಗದಲ್ಲಿ ನಾಲ್ಕು ಸಾಲು ಜೋಳ ಕಪ್ಪು ಹಸಿರು. ಎಲೆ ನನ್ನ ಅಂಗೈಯಷ್ಟು ಅಗಲ. ಐದನೇ ಸಾಲಿನಿಂದ ಆಚೆ ಮಾಮೂಲಿ ತಿಳಿ ಹಳದಿ. ಅದೇ ಬೀಜ, ಅದೇ ಕೂರಿಗೆ, ಅದೇ ದಿನದ ಬಿತ್ತನೆ. ಮೋರಿಯ ಬಾಯಿ ಹತ್ತಿರದ ಸಾಲಂತೂ ಸೊಕ್ಕು ಜಾಸ್ತಿಯಾಗಿ ನೆಲಕ್ಕೆ ಮಲಗಿತ್ತು. ಅಪ್ಪ ಒಂದು ದಂಟು ಮುರಿದು ಕೈಯಲ್ಲಿ ತಿರುಗಿಸಿ ನೋಡಿದರು. "ಗೊಬ್ಬರ ಹೊಲಕ್ಕೆ ಹಾಕೋದು ಬಿಟ್ಟು ಮೋರಿಗೆ ಹಾಕೀಯಲ್ಲೋ" ಅಂದರು. ಅವತ್ತು ನನಗೆ ಊಟ ಸೇರಲಿಲ್ಲ.

ಈಗ ಆ ಕಮೆಂಟ್ ಹಾಕಿದವರಿಗೆ ಲೆಕ್ಕ. ನನ್ನ ಹತ್ತಿರ 30 ಹಂದಿ. ಬೆಳೆಯುವ ಹಂದಿ ದಿನಕ್ಕೆ ಸುಮಾರು 3 ಲೀಟರ್ ಉಚ್ಚೆ ಹೊಯ್ಯುತ್ತದೆ ಅನ್ನಿ. ದಿನಕ್ಕೆ 90, ವರ್ಷಕ್ಕೆ 33 ಸಾವಿರ ಲೀಟರ್ ಹತ್ತಿರ. ಲೀಟರಿಗೆ 5 ಗ್ರಾಂ ಸಾರಜನಕ ಅಂತ ಹಿಡಿದರೆ 160 ಕೆಜಿ ದಾಟುತ್ತದೆ. 45 ಕೆಜಿ ಯೂರಿಯಾ ಚೀಲದಲ್ಲಿ ಇರುವ ಸಾರಜನಕ 21 ಕೆಜಿಗಿಂತ ಸ್ವಲ್ಪ ಕಡಿಮೆ. ಎಂಟು ಚೀಲ ಆಯಿತು. ಎಂಟು ಚೀಲ ಯೂರಿಯಾ ನಾನು ವರ್ಷಾ ವರ್ಷ ಹಳ್ಳಕ್ಕೆ ಸುರಿಯುತ್ತಿದ್ದೆ! ನೀವು ಚೀಲ ಬಿಚ್ಚಿ ಹಳ್ಳಕ್ಕೆ ಸುರಿಯುತ್ತೀರಾ? ಇಲ್ಲ ಅಲ್ವಾ?

"ಎಂಟು ಚೀಲ ಅಂದರೆ ಎರಡು ಸಾವಿರ ಚಿಲ್ಲರೆ, ಅಷ್ಟೇನಾ" ಅನ್ನುತ್ತೀರಿ. ಮೊದಲನೆಯದು, ಆ ದರ ಸರ್ಕಾರದ ಸಬ್ಸಿಡಿಯಿಂದ ಬಂದ ದರ. ಎರಡನೆಯದು, ಮಳೆ ಬಿದ್ದ ವಾರ ಆ ಚೀಲ ಎಲ್ಲಿ ಸಿಗುತ್ತದೆ ಹೇಳಿ. ಹೋದ ಮುಂಗಾರಿನಲ್ಲಿ ಒಂದು ಅಂಗಡಿ ಮುಂದೆ ಬೆಳಿಗ್ಗೆ ಐದಕ್ಕೇ ಪಾಳಿ ಹಚ್ಚಿದೆ. ಹತ್ತು ಗಂಟೆಗೆ ಬಾಗಿಲು ತೆಗೆದು, ಯೂರಿಯಾ ಬೇಕಾದರೆ ಜೊತೆಗೆ ಒಂದು ಬಾಟಲಿ ಔಷಧಿ ತಗೊಳ್ಳಲೇಬೇಕು ಅಂದರು. ಅದು ನನ್ನ ಬೆಳೆಗೆ ಬೇಡವೇ ಬೇಡದ ಔಷಧಿ. ತಗೊಂಡೆ, ಏನು ಮಾಡಲಿ, ಹೊಲದಲ್ಲಿ ಎಳೆ ಪೈರು ಕಾಯುತ್ತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದಂತೆ ಅನ್ನುವುದು ಇದಕ್ಕೇ.

ಚಾನೆಲ್ಲಿಗೆ ಹೊಸಬರಿದ್ದರೆ ಸಬ್‌ಸ್ಕ್ರೈಬ್ ಮಾಡಿ. ಬೀದರ್, ಯಾದಗಿರಿಯಿಂದ ನೋಡುವವರು ಊರಿನ ಹೆಸರು ಬರೆಯಿರಿ, ನನಗೆ ಖುಷಿ ಆಗುತ್ತದೆ.

ಇನ್ನೊಂದು ಕಮೆಂಟ್: "ನಾತ ತಡೆಯೋಕಾಗಲ್ಲ ಅಣ್ಣ." ಹೌದು, ನಾರುತ್ತದೆ. ಯಾಕೆ ನಾರುತ್ತದೆ? ಉಚ್ಚೆಯಲ್ಲಿ ಇರುವುದೂ ಯೂರಿಯಾನೇ. ಅದು ಗಟ್ಟಿ ಗೊಬ್ಬರದ ಜೊತೆ ಸೇರಿದ ಕೂಡಲೇ ಅಮೋನಿಯಾ ಆಗಲು ಶುರು. ಆ ಕಣ್ಣು ಉರಿಸುವ ಘಾಟು ಅದೇ. ನಿಮ್ಮ ಮೂಗಿಗೆ ಬಡಿಯುತ್ತಿರುವುದು ನಿಮ್ಮ ಜೋಳದ ಸಾರಜನಕ! ನಮ್ಮ ಕಲಬುರಗಿ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ 42, 43 ಡಿಗ್ರಿ. ಅದರ ಮೇಲೆ ಗಾಳಿ. ಅದರ ಮೇಲೆ ಸುಣ್ಣದ ಅಂಶ ಇರುವ ನಮ್ಮ ಎರೆ ಮಣ್ಣು. ಮಣ್ಣಿನ ಮೇಲೆ ಸುಮ್ನೆ ಚೆಲ್ಲಿಬಿಟ್ಟರೆ ಸಾರಜನಕ ಹಾರಿಹೋಗಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಅದಕ್ಕೇ ಮುಚ್ಚಿದ ಟ್ಯಾಂಕ್. ಅದಕ್ಕೇ ಸಾಲು ಹೊಡೆದು, ಸಾಲಿಗೆ ಬಿಟ್ಟು, ಅದೇ ಹೊತ್ತಿಗೆ ಮಣ್ಣು ಎಳೆಯುವುದು. ಸಂಜೆ ಹೊತ್ತು ಬಿಟ್ಟರೆ ಇನ್ನೂ ಒಳ್ಳೆಯದು. ಮುಚ್ಚಿದರೆ ನಾತವೂ ನಿಲ್ಲುತ್ತದೆ, ಸಾರಜನಕವೂ ಉಳಿಯುತ್ತದೆ.

ಟ್ಯಾಂಕಿಗೆ ದುಡ್ಡಿಲ್ಲವಾ? ಶೆಡ್ಡಿನಲ್ಲಿ ಹಂದಿ ಕೆಳಗೆ ಹಾಸು ಹಾಕಿ. ಒಣ ಜೋಳದ ಸೊಪ್ಪೆ ಕತ್ತರಿಸಿ ಹಾಕಿ, ಕಟ್ಟಿಗೆ ಪುಡಿ ಹಾಕಿ. ಭಾಲ್ಕಿ, ಹುಮನಾಬಾದ್ ಕಡೆಯವರಿಗೆ ಕಬ್ಬಿನ ರವದಿ (ಒಣ ಗರಿ) ಇದೆ. ರಾಶಿ ಆದ ಮೇಲೆ ತೊಗರಿ ಕಟ್ಟಿಗೆಗೆ ಬೆಂಕಿ ಇಡುತ್ತೀರಲ್ಲ, ಅದನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿಸಿ. ಉಚ್ಚೆ ಕುಡಿದ ಆ ಹಾಸನ್ನು ಗಟ್ಟಿ ಗೊಬ್ಬರದ ಜೊತೆ ಪೇರಿಸಿ, ಮೇಲೆ ಸ್ವಲ್ಪ ಸೂಪರ್ ಫಾಸ್ಫೇಟ್ ಅನ್ನುವ ರಂಜಕದ ಗೊಬ್ಬರ ಉದುರಿಸಿ, ತಾಡಪತ್ರಿ ಹೊದಿಸಿ. ಒಳಗೆ 55, 60 ಡಿಗ್ರಿ ಕಾವು ಬರಬೇಕು, ನಡುನಡುವೆ ಮಗುಚಬೇಕು. ಹುಳದ ತತ್ತಿ, ಕಳೆ ಬೀಜ ಸಾಯುವುದು ಆ ಕಾವಿಗೆ. ಹಸಿಯಾಗಿ ಹಾಕಿ, ಪೈರು ಸುಟ್ಟ ಮೇಲೆ "ಹಂದಿ ಗೊಬ್ಬರ ಉಷ್ಣ" ಅಂತ ಹಂದಿಗೆ ಬೈಯಬೇಡಿ. ಅದು ಏನು ಮಾಡಿದೆ ಪಾಪ!

ಒಂದು ಎಚ್ಚರಿಕೆ. ಟ್ಯಾಂಕ್ ಒಳಗೆ ಯಾರೂ ಇಳಿಯಬಾರದು. ಕೆಸರು ಕಲಕಿದಾಗ ಏಳುವ ಗಾಳಿ ಒಂದೆರಡು ಉಸಿರಿಗೇ ಮನುಷ್ಯನನ್ನು ಕೆಡವುತ್ತದೆ. ಒಬ್ಬ ಬಿದ್ದ ಅಂತ ಎತ್ತಲು ಇಳಿದ ಇನ್ನೊಬ್ಬನೂ ಉಳಿಯುವುದಿಲ್ಲ. ಮೇಲಿನಿಂದ ಪಂಪ್ ಹಾಕಿ ತೆಗೆಯಿರಿ. ಮುಚ್ಚಳಕ್ಕೆ ಬೀಗ ಹಾಕಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಯಾವ ಬೆಳೆಗೆ? ಜೋಳಕ್ಕೆ, ಗೋವಿನಜೋಳಕ್ಕೆ, ನೇಪಿಯರ್ ಹುಲ್ಲಿಗೆ, ಕಬ್ಬಿಗೆ. ಕಮಲಾಪುರದ ಕೆಂಪು ಬಾಳೆಯವರು ಕೇಳಿಸಿಕೊಳ್ಳಿ, ಬಾಳೆ ಪೊಟ್ಯಾಶ್ ಬೇಡುವ ಬೆಳೆ, ಉಚ್ಚೆಯಲ್ಲಿ ಅದು ಇದೆ. ತೊಗರಿಗೆ ಮಾತ್ರ ಉಚ್ಚೆ ಬೇಡ. ತೊಗರಿ ಬೇರಿನ ಗಂಟು ತಾನೇ ಗಾಳಿಯಿಂದ ಸಾರಜನಕ ಹಿಡಿಯುತ್ತದೆ. ಬಿಟ್ಟಿ ಸಿಕ್ಕರೆ ಗಂಟು ಸೋಮಾರಿಯಾಗುತ್ತದೆ, ಗಿಡ ಬರೀ ಎಲೆಗೆ ಹೋಗುತ್ತದೆ. ತೊಗರಿಗೆ ಬೇಕಾದ್ದು ರಂಜಕ, ಅದು ಕೊಳೆತ ಗಟ್ಟಿ ಗೊಬ್ಬರದಲ್ಲಿದೆ. ಜೋಳಕ್ಕೆ ಉಚ್ಚೆ, ತೊಗರಿಗೆ ಗೊಬ್ಬರ. ನಮ್ಮ ಮನೆಯಲ್ಲಿ ಈಗ ಹೀಗೇ. ನನ್ನ ಟ್ಯಾಂಕ್ 5,000 ಲೀಟರಿನದು. ಒಂದು ತುಂಬು ಟ್ಯಾಂಕ್, ಒಂದು ಎಕರೆ ಜೋಳ. ಹಂದಿಗೆ ಹೋಟೆಲಿನಲ್ಲಿ ಉಳಿದ ಅನ್ನ ತಿನ್ನಿಸುವವರು ಹೊಲದ ಒಂದೇ ತುಂಡಿಗೆ ಮತ್ತೆ ಮತ್ತೆ ಉಚ್ಚೆ ಬಿಡಬೇಡಿ, ಆ ಅನ್ನದ ಉಪ್ಪು ಉಚ್ಚೆಯಲ್ಲಿ ಬರುತ್ತದೆ, ಎರೆ ಮಣ್ಣಿಗೆ ಉಪ್ಪು ಕೂಡಿದರೆ ಕಷ್ಟ.

"ಮೈಲಿಗೆ" ಅಂತಲೂ ಒಬ್ಬರು ಬರೆದಿದ್ದಾರೆ. ಅಯ್ಯೋ ದೇವರೇ. ಬಸವಣ್ಣನ ನಾಡಿನಲ್ಲಿ ಕೂತು ಮಣ್ಣಿಗೆ ಮೈಲಿಗೆ ಹೇಳುತ್ತೀರಾ? ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ಮುಂದಿನ ಕಮೆಂಟ್. "ನೀರು ಬಿಟ್ಟು ತೊಳೆಯದಿದ್ದರೆ ಶೆಡ್ಡು ಗಲೀಜು." ತೊಳೆಯಿರಿ, ಯಾರು ಬೇಡ ಅಂದರು? ಮೊದಲು ಬಾಚಿ, ಉಚ್ಚೆ ಟ್ಯಾಂಕಿಗೆ ಹೋಗಲಿ, ಆಮೇಲೆ ತೊಳೆಯಿರಿ. ಹತ್ತು ಪಟ್ಟು ನೀರು ಬೆರೆಸಿ ಟ್ಯಾಂಕ್ ತುಂಬಿಸಿದರೆ ನೀವು ಹೊಲಕ್ಕೆ ಹೊರುವುದು ಬರೀ ನೀರು.

"ಟ್ಯಾಂಕ್ ಖರ್ಚು ಯಾವಾಗ ವಾಪಸ್?" ಬರುತ್ತದೆ ರೀ, ಬರುತ್ತದೆ! ಹಳ್ಳಕ್ಕೆ ಬಿಟ್ಟಿದ್ದು ಯಾವಾಗ ವಾಪಸ್ ಬರುತ್ತದೆ, ಅದು ಹೇಳಿ ಮೊದಲು. ಉಚ್ಚೆ ಹಿಡಿಯಿರಿ. ಎರಡು ಹಂದಿ ಇದ್ದರೂ ಹಿಡಿಯಿರಿ. ಒಂದು ಡ್ರಮ್ ಇಟ್ಟಾದರೂ ಹಿಡಿಯಿರಿ.

ಭಾನುವಾರ ಟ್ಯಾಂಕಿನ ಇಳಿಜಾರು, ಮೋರಿಯ ಅಳತೆ ಎಲ್ಲ ಟೇಪ್ ಹಿಡಿದು ತೋರಿಸುತ್ತೇನೆ, ಗಂಟೆ ಗುರುತು ಒತ್ತಿಟ್ಟುಕೊಳ್ಳಿ. ಆ 266 ರೂಪಾಯಿಯ ತಮ್ಮಾ, ನೀನೂ ಬಾ. ರೊಟ್ಟಿ ಊಟ ಮಾಡಿಕೊಂಡು ಹೋಗುವೆಯಂತೆ. ಟ್ಯಾಂಕ್ ತುಂಬಿದೆ, ನಾಳೆ ನೇಪಿಯರ್‌ಗೆ ಬಿಡಬೇಕು, ಕರೆಂಟ್ ಬೆಳಗಿನ ಪಾಳಿಯಲ್ಲಿ ಕೊಡುತ್ತಾರೆ. ಬರುತ್ತೇನೆ, ಶರಣು.