ಕ್ಯಾಮೆರಾಗೆ ದುಡ್ಡಿದೆ, ಖಾಲಿ ಸೈಟಿಗೆ ಇಲ್ಲ

ನಮಸ್ಕಾರ. ನಮ್ಮ ಕ್ರಾಸಿನ ಕೊನೆಯಲ್ಲಿ ಒಂದು ಖಾಲಿ ಸೈಟಿದೆ. ಆಳೆತ್ತರ ಪಾರ್ಥೇನಿಯಂ, ಒಡೆದ ಬಿಯರ್ ಬಾಟಲಿ, ಯಾರದೋ ಮನೆಯ ಹಳೇ ಕಮೋಡು. ಕತ್ತಲಾದರೆ ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ಹಿಂದಿನ ರಸ್ತೆ ಸುತ್ತಿಕೊಂಡು ಬರುತ್ತಾರೆ. ಸ್ವಲ್ಪ ದಿನದ ಹಿಂದೆ ಎದುರಿನ ಕಂಬಕ್ಕೆ ಕ್ಯಾಮೆರಾ ಬಂತು. ಪೊದೆ ಹಾಗೇ ಇದೆ. ಈಗ ಅದೇ ಪೊದೆ ಎಚ್‌ಡಿಯಲ್ಲಿ ಕಾಣುತ್ತದೆ, ಅಷ್ಟೇ.

ಬೆಂಗಳೂರಿಗೆ ದುಡ್ಡು ಬಂದಿಲ್ಲ ಅನ್ನುವ ಹಾಗಿಲ್ಲ. 2013ರ ಕೇಂದ್ರ ಬಜೆಟ್ಟಿನಲ್ಲಿ ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ 1,000 ಕೋಟಿಯಿಂದ ನಿರ್ಭಯಾ ನಿಧಿ ಶುರುವಾಯಿತು. ಅದರಡಿ ಎಂಟು ನಗರಗಳಿಗೆ ಸೇಫ್ ಸಿಟಿ ಯೋಜನೆ ಬಂತು. ಬೆಂಗಳೂರಿನ ಪಾಲು ಸುಮಾರು 667 ಕೋಟಿ. ನೂರರಲ್ಲಿ 60 ಕೇಂದ್ರದ್ದು, 40 ರಾಜ್ಯದ್ದು. ಸಾವಿರಾರು ಕ್ಯಾಮೆರಾ ಬಂದವು, ಅವನ್ನೆಲ್ಲ ಪೊಲೀಸರು ಕೂತು ನೋಡುವ ಕಮಾಂಡ್ ಸೆಂಟರ್ ಬಂತು. ಕ್ಯಾಮೆರಾ ಬೇಡ ಅಂತ ನಾನು ಹೇಳುತ್ತಿಲ್ಲ. ಸರ ಕಿತ್ತುಕೊಂಡು ಓಡಿದವನನ್ನು ಹುಡುಕಲು ಅದು ಬೇಕು. ಆದರೆ ಹುಡುಕುವುದು ಸರ ಹೋದ ಮೇಲೆ, ಅಲ್ವಾ?

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಪ್ರಯೋಗ ನಡೆಯಿತು, ವರದಿ ಬಂದದ್ದು 2018ರಲ್ಲಿ. ಅಲ್ಲಿಯ 541 ಖಾಲಿ ಜಾಗಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕಸ ತೆಗೆದು, ನೆಲ ಮಟ್ಟ ಮಾಡಿ, ಹುಲ್ಲು ಹಾಕಿ, ನಾಲ್ಕು ಗಿಡ ನೆಟ್ಟು, ಮೊಣಕಾಲೆತ್ತರದ ಮರದ ಬೇಲಿ ಕಟ್ಟಿದರು. ಇನ್ನೊಂದರಲ್ಲಿ ಸುಮ್ನೆ ಕಸ ತೆಗೆದು ಹುಲ್ಲು ಕತ್ತರಿಸಿದರು. ಮತ್ತೊಂದನ್ನು ಮುಟ್ಟಲೇ ಇಲ್ಲ. ಸರಿಮಾಡಿದ ಜಾಗಗಳಿದ್ದ ಬಡವರ ಏರಿಯಾಗಳಲ್ಲಿ ಗುಂಡಿನ ಹಿಂಸೆ ಶೇ. 29ರಷ್ಟು ಇಳಿಯಿತು. ಗನ್ನು ಬಚ್ಚಿಡಲು ಪೊದೆ ಇಲ್ಲ, ಕೂತು ಕುಡಿಯಲು ಮರೆ ಇಲ್ಲ. ಜನ ಹೊರಗೆ ಬಂದು ಕೂರಲು ಶುರುಮಾಡಿದರು. ಇಲ್ಲಿ ಕೇಳಿಸಿಕೊಳ್ಳಬೇಕಾದದ್ದು ಇನ್ನೊಂದಿದೆ: ಒಂದು ದಿನ ಕ್ಲೀನ್ ಮಾಡಿ ಫೋಟೋ ತೆಗೆಸಿಕೊಂಡು ಹೋಗಲಿಲ್ಲ. ತಿಂಗಳು ತಿಂಗಳು ಮತ್ತೆ ಬಂದು ಕತ್ತರಿಸಿದರು.

ನಮ್ಮ ಅನುದಾನ ಎಡವುವುದು ಇಲ್ಲೇ. ಕ್ಯಾಮೆರಾಗೆ ಟೆಂಡರ್ ಕರೆಯಬಹುದು, ಟೇಪು ಕತ್ತರಿಸಬಹುದು. ಹುಲ್ಲು ಕತ್ತರಿಸುವುದನ್ನು ಯಾರು ಉದ್ಘಾಟನೆ ಮಾಡುತ್ತಾರೆ? ಸೈಟಿನ ಮಾಲೀಕರು ರೇಟು ಏರಲಿ ಅಂತ ಎಲ್ಲೋ ಕೂತಿರುತ್ತಾರೆ. ಕಚೇರಿಗೆ ಹೋದರೆ ‘ಖಾಸಗಿ ಜಾಗ ಸಾರ್, ನಾವೇನೂ ಮಾಡೋಕಾಗಲ್ಲ’ ಅನ್ನುತ್ತಾರೆ. ನನಗೂ ಅದೇ ಉತ್ತರ ಸಿಕ್ಕಿತು, ಎರಡು ಸಲ.

667 ಕೋಟಿಯಲ್ಲಿ ನೂರಕ್ಕೆ ಒಂದು ರೂಪಾಯಿ ಅಂದರೂ 6 ಕೋಟಿ 67 ಲಕ್ಷ. ಮುಂದಿನ ಕಂತಿನಲ್ಲಿ ಅಷ್ಟನ್ನು ಏರಿಯಾದವರ ಕೈಗೆ ಕೊಡಿ. ಅದೇ ಬೀದಿಯ ಮಹಿಳಾ ಸಂಘಕ್ಕೆ ತಿಂಗಳ ಕೆಲಸ ಕೊಡಿ. ಕೆಟ್ಟ ಬೀದಿದೀಪ ಯಾವುದು, ಭಯ ಯಾವ ಮೂಲೆಯಲ್ಲಿ ಅಂತ ಬೀಟ್ ಪೊಲೀಸರು ಅವರನ್ನೇ ಕೇಳಲಿ. ಸೈಟಿನ ಖರ್ಚನ್ನು ಮಾಲೀಕರ ತೆರಿಗೆಗೆ ಸೇರಿಸಿ. ಲೆಕ್ಕವನ್ನು ಅದೇ ಸೈಟಿನ ಬೇಲಿಗೆ ಬರೆದು ಹಾಕಿ. ದಿನಾ ಓಡಾಡುವವರು ಓದಿಕೊಳ್ಳುತ್ತಾರೆ.