ಬರಿ ಸೇಂಟ್ ಎಡ್ಮಂಡ್ಸ್: ಸಂತೆ ಯಾರದ್ದು?

ನಮಸ್ಕಾರ ಕೇಳುಗರೇ. ಇವತ್ತು ಇಂಗ್ಲೆಂಡಿನ ಒಂದು ಸಂತೆ ಊರಿನ ವಿಷಯ ಹೇಳ್ತೀನಿ. ಪೂರ್ವದ ಸಫೋಕ್ ಕೌಂಟಿಯಲ್ಲಿರುವ ಬರಿ ಸೇಂಟ್ ಎಡ್ಮಂಡ್ಸ್. ಸುಮಾರು 40 ಸಾವಿರ ಜನ ಇದ್ದಾರೆ. ಬುಧವಾರ, ಶನಿವಾರ ಸಂತೆ. ತರಕಾರಿ, ಮೀನು, ಬ್ರೆಡ್ಡು, ಹೂವು ಎಲ್ಲ ಊರ ನಡುವಿನ ಬೀದಿಯಲ್ಲೇ ಸಿಗುತ್ತೆ. ಈ ಸಂತೆ ಯಾರದ್ದು ಅಂತ ಇಲ್ಲಿ ಒಂದು ಕಾಲದಲ್ಲಿ ರಕ್ತವೇ ಹರಿದಿದೆ.

ಎಡ್ಮಂಡ್ ಇಲ್ಲಿನ ಹಳೇ ರಾಜ. 869ರಲ್ಲಿ ಡೆನ್ಮಾರ್ಕ್ ಕಡೆಯಿಂದ ದಾಳಿ ಮಾಡಿದ ಡೇನರು ಅವನನ್ನು ಕೊಂದರು. ಜನ ಅವನನ್ನು ಸಂತ ಅಂತ ಪೂಜಿಸಿದರು. 1020ರಲ್ಲಿ ಅವನ ಸಮಾಧಿಗೆ ಮಠ ಕಟ್ಟಿಸಿದವನು ಆಗ ಇಂಗ್ಲೆಂಡ್ ಆಳುತ್ತಿದ್ದ ರಾಜ ಕೆನ್ಯೂಟ್, ಅವನೂ ಡೇನನೇ! ಯಾತ್ರಿಕರು ಬಂದರು, ದುಡ್ಡು ಬಂತು. ಆಮೇಲೆ ಬಾಲ್ಡ್ವಿನ್ ಅನ್ನೋ ಮಠಾಧಿಪತಿ ಮಠದ ಮುಂದೆ ಚೌಕಾಬಾರದ ಮನೆ ಹಾಕಿದ ಹಾಗೆ ನೇರ ಬೀದಿಗಳ ಊರು ಹಾಕಿಸಿದ. ಆ ಬೀದಿಗಳು ಇವತ್ತಿಗೂ ಹಾಗೇ ಇವೆ.

ಆದರೆ ಊರು ಮಠದ ಆಸ್ತಿ. ಬಾಡಿಗೆ ಮಠಕ್ಕೆ, ಸಂತೆಯ ಸುಂಕವೂ ಮಠಕ್ಕೆ. ದುಡಿದು ವ್ಯಾಪಾರ ಮಾಡೋರು ಎಷ್ಟು ದಿನ ಸುಮ್ನೆ ಇರ್ತಾರೆ, ಅಲ್ವಾ? 1327ರಲ್ಲಿ ಊರವರು ಮಠಕ್ಕೆ ನುಗ್ಗಿದರು, ಹೆಬ್ಬಾಗಿಲನ್ನು ಕೆಡವಿದರು. ಮಠದವರು ಮತ್ತೆ ಕಟ್ಟಿಸಿದ ಬಾಗಿಲಲ್ಲಿ ಕೆತ್ತನೆ ಸೊಗಸಾಗಿದೆ, ಆದರೆ ಹತ್ತಿರ ಹೋಗಿ ನೋಡಿದರೆ ಬಾಣ ಬಿಡೋ ಕಿಂಡಿಗಳೂ ಇವೆ, ಅದೂ ಊರಿನ ಕಡೆಗೇ ಮುಖ ಮಾಡಿ. 1381ರ ರೈತರ ದಂಗೆಯಲ್ಲಂತೂ ಆಗ ಮಠ ನೋಡಿಕೊಳ್ಳುತ್ತಿದ್ದ ಹಿರಿಯ ಸನ್ಯಾಸಿಯ ತಲೆ ಕಡಿದು ಸಂತೆ ಬಯಲಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಟ್ಟರು. ಊರವರ ಸಿಟ್ಟು ನನಗೆ ಅರ್ಥವಾಗುತ್ತೆ, ಆ ಕೊಲೆಯನ್ನು ಮಾತ್ರ ಒಪ್ಪೋಕೆ ಆಗಲ್ಲ.

1539ರಲ್ಲಿ ಎಂಟನೇ ಹೆನ್ರಿ ಕಾಲದಲ್ಲಿ ಮಠ ಮುಚ್ಚಿತು. ಜನ ಕಲ್ಲು ಕಿತ್ತುಕೊಂಡು ಹೋದರು. ಮಠದ ಚರ್ಚಿನ ಮುಂಭಾಗದ ದಪ್ಪ ಗೋಡೆ ಉಳೀತು, ಅದರೊಳಗೇ ಮನೆ ಕಟ್ಟಿಕೊಂಡರು. ಒರಟು ಕಲ್ಲಿನ ರಾಶಿ ನಡುವೆ ಗಾಜಿನ ಕಿಟಕಿ, ಬಣ್ಣದ ಬಾಗಿಲು, ಮೇಲೆ ಹೊಗೆಗೂಡು. ಅಲ್ಲಿ ಈಗಲೂ ಜನ ಸಂಸಾರ ಮಾಡ್ತಾರೆ! 1606ರಲ್ಲಿ ಊರಿಗೆ ತನ್ನದೇ ಆಡಳಿತದ ಹಕ್ಕು ಸಿಕ್ಕಿತು.

ಈಗ ಊರಿನ ಹೊಟ್ಟೆಪಾಡು ಬೇರೆ. 1799ರಿಂದ ಗ್ರೀನ್ ಕಿಂಗ್ ಬಿಯರ್ ಕಾರ್ಖಾನೆ ಇದೆ. 1925ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯೂ ಇದೆ, ಅಲ್ಲಿ ಕಬ್ಬಿನಿಂದಲ್ಲ, ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೀತಾರೆ. 1819ರ ಥಿಯೇಟರ್ ರಾಯಲ್‌ನಲ್ಲಿ ಈಗಲೂ ನಾಟಕ ನಡೆಯುತ್ತೆ.

ನಿಮ್ಮ ಮಕ್ಕಳೋ ನೆಂಟರೋ ಕೇಂಬ್ರಿಡ್ಜ್ ಕಡೆ ಇದ್ದರೆ ಹೇಳಿ, ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ ದಾರಿ. ಬುಧವಾರ ಇಲ್ಲ ಶನಿವಾರ ಬೆಳಗ್ಗೆಯೇ ಹೋಗಲಿ. ಮೊದಲು ಸಂತೆ ಸುತ್ತಿ, ಆಮೇಲೆ ಆ ಹೆಬ್ಬಾಗಿಲಿನ ಕಿಂಡಿಗಳನ್ನು ನೋಡಲಿ. ನಮಸ್ಕಾರ.