ಹತ್ತನೆಯ ದಿನದ ಪ್ರಾರ್ಥನೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ವಿವೇಕನಗರದಲ್ಲಿ ಬಾಲಯೇಸುವಿನ ದೇವಾಲಯವಿದೆ. ಗುರುವಾರ ಬಂತೆಂದರೆ ಅಲ್ಲಿ ಜನವೋ ಜನ. ಕ್ರೈಸ್ತರು ಮಾತ್ರವಲ್ಲ, ಎಲ್ಲರೂ ಬರುತ್ತಾರೆ. ಕೈಯಲ್ಲಿ ಮೇಣದಬತ್ತಿ, ಮನಸ್ಸಿನಲ್ಲಿ ಒಂದು ಕೋರಿಕೆ. ಮಗುವಿಗೆ ಹುಷಾರಾಗಬೇಕು, ಮಗಳಿಗೆ ಸಂಬಂಧ ಕೂಡಿಬರಬೇಕು, ಗಂಡ ಕುಡಿತ ಬಿಡಬೇಕು. ಹಲವರು ನೊವೆನಾ ಹಿಡಿಯುತ್ತಾರೆ. ಅಂದರೆ ಒಂಬತ್ತು ದಿನ, ಇಲ್ಲವೇ ಒಂಬತ್ತು ವಾರ ಬಿಡದೆ ಮಾಡುವ ಪ್ರಾರ್ಥನೆ. ಯೇಸು ಸ್ವರ್ಗಕ್ಕೆ ಏರಿದ ಮೇಲೆ ಶಿಷ್ಯರು ಪವಿತ್ರಾತ್ಮರಿಗಾಗಿ ಜೆರುಸಲೇಮಿನಲ್ಲಿ ಒಂಬತ್ತು ದಿನ ಕಾದು ಪ್ರಾರ್ಥಿಸಿದರಲ್ಲ, ಅದರ ನೆನಪು ಇದು.

ನಾನು ಮಾತಾಡಬೇಕೆಂದಿರುವುದು ಹತ್ತನೆಯ ದಿನದ ಬಗ್ಗೆ. ಒಂಬತ್ತೂ ಮುಗಿದವು. ಏನೂ ಬದಲಾಗಿಲ್ಲ. ಆಸ್ಪತ್ರೆಯ ರಿಪೋರ್ಟ್ ಹಾಗೇ ಇದೆ. ಈಗೇನು ಮಾಡುವುದು?

ಇಂಥ ಹೊತ್ತಿನಲ್ಲೇ ಯಾರೋ ಬಂದು "ನಿಮ್ಮ ವಿಶ್ವಾಸ ಸಾಲದು" ಅಂದುಬಿಡುತ್ತಾರೆ. ನೊಂದವರಿಗೆ ಇದಕ್ಕಿಂತ ಕ್ರೂರವಾದ ಮಾತು ಬೇರೆ ಇಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ, ಆದರೂ ನಿನ್ನ ಚಿತ್ತದಂತೆ ಆಗಲಿ ಎಂದು ತಂದೆಯನ್ನು ಬೇಡಿದರು. ಮೂರು ಸಲ ಬೇಡಿದರು. ಮೂರನೆಯ ಸಲವೂ ಅದೇ ಮಾತು ಎಂದು ಮತ್ತಾಯ ತನ್ನ ಶುಭಸಂದೇಶದಲ್ಲಿ ಬರೆದಿದ್ದಾನೆ. ಪಾತ್ರೆ ದೂರವಾಗಲಿಲ್ಲ. ಯೇಸುವಿಗೆ ವಿಶ್ವಾಸ ಕಡಿಮೆಯಿತ್ತು ಅನ್ನೋಕಾಗುತ್ತಾ? ಹೊಸ ಮಾತು ಸಿಗದೆ ಹೇಳಿದ್ದನ್ನೇ ಹೇಳುವವರು ಅಳುಕಬೇಕಿಲ್ಲ. ಹಳೇ ಮಾತೇ ಸಾಕು.

ಸಂತ ಮೋನಿಕಾಳನ್ನು ನೋಡಿ. ನಾಲ್ಕನೇ ಶತಮಾನದ ಹೆಂಗಸು, ಇವತ್ತಿನ ಅಲ್ಜೀರಿಯಾದ ತಗಾಸ್ತೆ ಎಂಬ ಊರಿನವಳು. ಮಗ ಅಗಸ್ಟೀನ್ ಬಲು ಬುದ್ಧಿವಂತ, ಆದರೆ ತಾಯಿಯ ವಿಶ್ವಾಸ ಬೇಡವೆಂದು ಬೇರೆ ಪಂಥ ಸೇರಿದ. ಇವಳು ವರ್ಷಗಟ್ಟಲೆ ಅತ್ತಳು. ಒಬ್ಬ ಬಿಷಪ್ ಹತ್ತಿರ ಹೋಗಿ, ಮಗನಿಗೆ ಬುದ್ಧಿ ಹೇಳಿ ಎಂದು ದುಂಬಾಲು ಬಿದ್ದಳು. ಅವರಿಗೂ ಸಾಕಾಗಿರಬೇಕು. ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಎಂದು ಸ್ವಲ್ಪ ಬೇಸರದಿಂದಲೇ ಹೇಳಿ ಕಳಿಸಿದರು.

383ರಲ್ಲಿ ಅಗಸ್ಟೀನ್ ರೋಮಿಗೆ ಹೊರಟ. ಹೋಗಬೇಡ ಎಂದು ತಾಯಿ ಕಾರ್ಥೇಜಿನ ಕಡಲ ದಂಡೆಯವರೆಗೂ ಹಿಂದೆ ಬಂದಳು. ಅವನು ಸುಳ್ಳು ಹೇಳಿ ಅವಳನ್ನು ಹತ್ತಿರದ ಗುಡಿಯೊಂದರಲ್ಲಿ ಬಿಟ್ಟು, ರಾತ್ರೋರಾತ್ರಿ ಹಡಗು ಹತ್ತಿದ. ಅವಳು ಒಳಗೆ, ಮಗ ಹೋಗದಿರಲಿ ಎಂದು ಪ್ರಾರ್ಥಿಸುತ್ತಿದ್ದಳು! ಬೆಳಗಾದಾಗ ಹಡಗಿಲ್ಲ. ಗೋಳಾಡಿದಳು, ದೇವರ ಮುಂದೆ ದೂರು ಹೇಳಿಕೊಂಡಳು. ಆಮೇಲೆ ಮನೆಗೆ ಹೋಗಿ ಅದೇ ಮಗನಿಗಾಗಿ ಮತ್ತೆ ಪ್ರಾರ್ಥನೆಗೆ ಕೂತಳು. ಮುಂದೆ ಮಿಲಾನಿನಲ್ಲಿ 387ರ ಈಸ್ಟರ್ ಹೊತ್ತಿಗೆ ಅಗಸ್ಟೀನ್ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಅವಳು ಅದನ್ನು ಕಣ್ಣಾರೆ ಕಂಡಳು. ಅದೇ ವರ್ಷ ತೀರಿಕೊಂಡಳು.

ಎಲ್ಲರ ಮನೆಯಲ್ಲೂ ಹೀಗಾಗುವುದಿಲ್ಲ, ಅಲ್ವಾ? ಅದಕ್ಕೇ ನನಗೆ ಮಿಲಾನಿಗಿಂತ ಕಾರ್ಥೇಜಿನ ಆ ಬೆಳಗ್ಗೆ ಜಾಸ್ತಿ ಹತ್ತಿರ. ಮುಂದಾಗುವುದೇನೂ ಅವಳಿಗೆ ಗೊತ್ತಿರಲಿಲ್ಲ. ಅವಳ ಹತ್ತನೆಯ ದಿನ ಅದು.

ಸಂಕಟದಲ್ಲಿರುವವರಿಗೆ ನಾನು ಧೈರ್ಯವಾಗಿ ಹೇಳುವುದಿಷ್ಟೇ. ದೇವರ ಮುಂದೆ ಸುಮ್ನೆ ನಗುಮುಖ ಹಾಕಿಕೊಳ್ಳಬೇಡಿ. ಬೈಬಲಿನ 88ನೆಯ ಕೀರ್ತನೆ ಓದಿ. ಶುರುವಿನಿಂದ ಕೊನೆವರೆಗೂ ಅಳಲೇ. ಕೊನೆಯ ಸಾಲಿನಲ್ಲೂ ಕತ್ತಲೆಯೇ. ಅದನ್ನೂ ಹಿರಿಯರು ಪ್ರಾರ್ಥನೆಯೆಂದು ಉಳಿಸಿಕೊಂಡು ಬಂದರು, ಕಿತ್ತುಹಾಕಲಿಲ್ಲ. ಮಾತ್ರೆ, ಔಷಧಿ ಬಿಡಬೇಡಿ. ಪ್ರಾರ್ಥನೆಗೂ ಡಾಕ್ಟರಿಗೂ ಜಗಳವಿಲ್ಲ.

ಪ್ರಾರ್ಥಿಸಲು ಬಾಯಿಯೇ ಬರದ ದಿನಗಳೂ ಇರುತ್ತವೆ. ಆಗ ಬೇರೆಯವರನ್ನು ಕೇಳಿಕೊಳ್ಳಿ. ಕಪೆರ್ನೌಮ್ ಎಂಬ ಊರಿನಲ್ಲಿ ನಡೆಯಲಾರದ ಒಬ್ಬನನ್ನು ನಾಲ್ವರು ಹೊತ್ತು ತಂದು, ಚಾವಣಿ ತೆಗೆದು ಯೇಸುವಿನ ಮುಂದೆ ಇಳಿಸಿದರು. ಮಲಗಿದ್ದವನು ಒಂದು ಮಾತನ್ನಾದರೂ ಆಡಿದ ಎಂದು ಶುಭಸಂದೇಶದಲ್ಲಿ ಮಾರ್ಕ ಬರೆದಿಲ್ಲ. ಹೊತ್ತು ತಂದವರ ವಿಶ್ವಾಸವನ್ನು ಯೇಸು ಕಂಡರು ಎಂದಷ್ಟೇ ಇದೆ. ಪಕ್ಕದ ಮನೆಯವರಿಗೆ, ನಿಮ್ಮ ಗುರುಗಳಿಗೆ ಒಂದು ಫೋನ್ ಮಾಡಿ, ನನಗಾಗಿ ಪ್ರಾರ್ಥಿಸಿ ಎನ್ನಲು ಸಂಕೋಚ ಬೇಡ.

ಇವತ್ತು ರಾತ್ರಿ ಸಾಧ್ಯವಾದರೆ 13ನೆಯ ಕೀರ್ತನೆ ತೆಗೆಯಿರಿ. ಚಿಕ್ಕದು, ಆರೇ ವಚನ. ಮೊದಲೆರಡು ವಚನಗಳಲ್ಲಿ ದಾವೀದ ನಾಲ್ಕು ಸಲ, ಇನ್ನೂ ಎಷ್ಟರವರೆಗೆ ಎಂದು ದೇವರನ್ನು ಕೇಳುತ್ತಾನೆ. ಕೊನೆಗೆ ಹಾಡುತ್ತೇನೆ ಅನ್ನುತ್ತಾನೆ. ಆ ಹಾಡಿನ ಮಾತು ನಿಮಗೆ ಇವತ್ತು ಬಾರದಿದ್ದರೆ ಎರಡನೆಯ ವಚನಕ್ಕೇ ನಿಲ್ಲಿಸಿ ಮಲಗಿ. ನಾಳೆ ಮತ್ತೆ ಮೊದಲಿಂದ ಓದಿದರಾಯಿತು.

ನಮಸ್ಕಾರ.